ಎರಡನೇ ಕೀಲು

ಸುಮಾ, ಹೆಬ್ಬಾಳದ ದನದ ಡಾಕ್ಟರ ಕಾಲೇಜಿನಲ್ಲಿ ಸೀಟು ಸಿಕ್ಕಿತು ಎಂದು ನೀನು ಓಡಿಬಂದು ಹೇಳಿದ ದಿನ ನಿನ್ನ ತಮ್ಮ ನನ್ನನ್ನು ಕೇಳಿದ: "ಅಜ್ಜಿ, ತಾತ ಮಿಲಿಟರಿಲಿದ್ರು ಅಂತೀರ, ದನದ ಡಾಕ್ಟ್ರು ಅಂತಾನೂ ಅಂತೀರ. ಎರಡರಲ್ಲಿ ಯಾವ್ದು ನಿಜ?" ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನು ಎದ್ದು ಅಡುಗೆಮನೆಗೆ ಹೋದೆ. ನಾಲ್ಕು ಜನ ಒಟ್ಟಿಗೆ ನನ್ನ ಕಡೆ ತಿರುಗಿದರೆ ನನಗೆ ಮಾತು ಹೊರಡುವುದಿಲ್ಲ. ಚಿಕ್ಕಂದಿನಿಂದ ಹಾಗೇ. ಆದರೆ ಶೆಟ್ಟಿಹಳ್ಳಿಯ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಬರೆದು ಕೊಡುತ್ತೇನೆ, ಇಬ್ಬರೂ ಓದಿ.

ನಾನು ದನದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಅಟೆಂಡರ್ ಆಗಿದ್ದು ನಿವೃತ್ತಿಯಾದವಳು. ಹಸು ಹಿಡಿಯುವುದು, ಹಗ್ಗ ಕಟ್ಟುವುದು, ಗಾಯ ತೊಳೆಯುವುದು, ನೀರು ಕಾಯಿಸುವುದು ನನ್ನ ಕೆಲಸವಾಗಿತ್ತು. ಆ ಕೆಲಸ ನನಗೆ ಸಿಕ್ಕಿದ್ದು, ನಿಮ್ಮ ತಾತ ಡಾಕ್ಟರಾದದ್ದು, ಎರಡೂ ಒಂದೇ ಗೋಣಿಚೀಲದಿಂದ ಬಂದವು.

ನನ್ನ ಮದುವೆಯಾದಾಗ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಿಮ್ಮ ತಾತ ಇಂಟರ್‌ಮೀಡಿಯೆಟ್‌ನಲ್ಲಿ ಫೇಲಾಗಿ, ಮನೆಯಲ್ಲಿ ಮುಖ ತೋರಿಸಲಾರದೆ ಸೇನೆಗೆ ಸೇರಿದ್ದರು. ಬಂದೂಕು ಹಿಡಿಯುತ್ತಾರೆ ಎಂದು ನಮ್ಮೂರಿನವರು ತಿಳಿದಿದ್ದರು. ಅವರ ಕೈಗೆ ಬಂದದ್ದು ಹೇಸರಗತ್ತೆಯ ಹಗ್ಗ. ಬೆಟ್ಟದ ಮೇಲಿನ ಠಾಣೆಗಳಿಗೆ ಅಕ್ಕಿ, ಗುಂಡು, ಸೀಮೆಎಣ್ಣೆ ಹೊತ್ತುಕೊಂಡು ಹೋಗುವ ಹೇಸರಗತ್ತೆಗಳು. ಒಬ್ಬ ಸಿಪಾಯಿಗೆ ಎರಡು ಪ್ರಾಣಿ. ಬೆಳಗ್ಗೆ ಎದ್ದರೆ ಮೊದಲು ಅವುಗಳ ಗೊರಸು ಎತ್ತಿ ನೋಡಬೇಕು, ನೀರು ಕುಡಿಸಬೇಕು, ಹುಲ್ಲು ಹಾಕಬೇಕು. ಆಮೇಲೆ ತಾನು ಟೀ ಕುಡಿಯಬೇಕು. ಈ ಕ್ರಮ ತಪ್ಪಿಸಿದವನಿಗೆ ಶಿಕ್ಷೆ. ನಿಮ್ಮ ತಾತ ಸಾಯುವವರೆಗೂ ನಮ್ಮ ಮನೆಯಲ್ಲಿ ಕೊಟ್ಟಿಗೆಗೆ ನೀರು ಹೋಗುವ ಮುಂಚೆ ಯಾರೂ ಕಾಫಿ ಕುಡಿದದ್ದಿಲ್ಲ. ಕೊನೆಕೊನೆಗೆ ಕೊಟ್ಟಿಗೆಯೇ ಇರಲಿಲ್ಲ, ಆಗಲೂ ಹೊರಗೆ ಹೋಗಿ ಬೀದಿ ನಾಯಿಗೆ ನೀರಿಟ್ಟು ಬಂದು ಲೋಟ ಹಿಡಿಯುತ್ತಿದ್ದರು.

ಸೇನೆಯಲ್ಲಿ ಇನ್ನೊಂದು ಕಟ್ಟಪ್ಪಣೆ ಇತ್ತು: ಪ್ರಾಣಿಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಒಂದು ದಿನ ಚಳಿಗೆ ಬೆರಳು ಮರಗಟ್ಟಿ ಹಗ್ಗ ಜಾರುತ್ತಿತ್ತೆಂದು ನಿಮ್ಮ ತಾತ ಬಲಗೈಗೆ ಎರಡು ಸುತ್ತು ಹಾಕಿಕೊಂಡರು. ಕಲ್ಲು ಉರುಳಿದ ಸದ್ದಿಗೆ ಹೇಸರಗತ್ತೆ ಬೆದರಿ ಹಾರಿತು. ಕೈ ಉಳಿಯಿತು, ಆದರೆ ಬೆರಳುಗಳಿಗೆ ಸ್ಪರ್ಶ ಹೋಯಿತು. ಬಿಸಿ ತಂಪು ಗೊತ್ತಾಗದು, ಒರಟು ನುಣುಪು ಗೊತ್ತಾಗದು. "ಕತ್ತೆ ಮೇಲೆ ಕೋಪ ಬರಲಿಲ್ವಾ?" ಎಂದು ನಾನು ಕೇಳಿದ್ದೆ. "ಅದ್ರ ತಪ್ಪೇನು? ಹಗ್ಗ ಸುತ್ತಿದ್ದು ನಾನು" ಎಂದರು.

ಕೈ ಹೋದವನನ್ನು ಬೆಟ್ಟಕ್ಕೆ ಕಳಿಸುವಂತಿಲ್ಲ. ಅವರನ್ನು ಪ್ರಾಣಿಗಳ ಆಸ್ಪತ್ರೆಗೆ ಹಾಕಿದರು. ಅಲ್ಲಿ ಕೊಡಗಿನ ಕ್ಯಾಪ್ಟನ್ ಒಬ್ಬರು ಡಾಕ್ಟರು. ಗಾಯಕ್ಕೆ ಪಟ್ಟಿ ಕಟ್ಟುವುದು, ನಾಡಿ ನೋಡುವುದು, ಔಷಧಿ ಅಳೆಯುವುದು ಎಲ್ಲ ಎಡಗೈಯಲ್ಲಿ ಕಲಿಸಿದರು. ಎಡಗೈಯಲ್ಲಿ ಬರೆಯಲೂ ಕಲಿಸಿದರು. "ಇಂಟರ್ ಮತ್ತೆ ಕಟ್ಟು. ನಿಮ್ಮೂರ ಹತ್ರಾನೇ ಕಾಲೇಜು ಬರ್ತಾ ಇದೆ. ನೀನು ಡಾಕ್ಟರಾಗದೆ ನನಗೆ ಕಾಗದ ಬರೀಬೇಡ" ಎಂದು ಹೇಳಿ ಕಳಿಸಿದವರು ಅವರು. ನಿಮ್ಮ ತಾತ ಪರೀಕ್ಷೆ ಕಟ್ಟಿ ಪಾಸಾಗಿ, ಸೇನೆ ಬಿಟ್ಟು ಬಂದು, ಸೇನೆಯಿಂದ ಬಂದವರಿಗೆಂದು ಇಟ್ಟಿದ್ದ ಸೀಟಿನಲ್ಲಿ ಹೆಬ್ಬಾಳದ ಕಾಲೇಜು ಸೇರಿದರು. ಜೊತೆಯ ಹುಡುಗರಿಗಿಂತ ಹತ್ತು ವರ್ಷ ದೊಡ್ಡವರು. ನಾವು ಯಲಹಂಕದಲ್ಲಿ ಒಂದು ಹೆಂಚಿನ ಮನೆ ಹಿಡಿದೆವು. ಅವರು ದಿನಾ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು.

ಸೇನೆ ಕಲಿಸಿದ್ದೆಲ್ಲ ಹಸುವಿಗೆ ನಡೆಯುತ್ತದೆ ಎಂದು ತಿಳಿಯಬೇಡ. ಹೇಸರಗತ್ತೆ ಹಿಂದಕ್ಕೆ ಒದೆಯುತ್ತದೆ. ಅದಕ್ಕೇ ಸಿಪಾಯಿಗಳು ಪಕ್ಕಕ್ಕೆ ಒತ್ತಿಕೊಂಡು ನಿಲ್ಲುತ್ತಾರೆ. ಹಸು ಪಕ್ಕಕ್ಕೇ ಒದೆಯುವುದು. ನಿಮ್ಮ ತಾತ ಮೊದಲ ಸಲ ನಮ್ಮಪ್ಪನ ಹಸುವಿನ ಕೆಚ್ಚಲು ನೋಡಲು ಹೋದಾಗ ಸಿಪಾಯಿ ಠೀವಿಯಲ್ಲಿ ಅದರ ಪಕ್ಕಕ್ಕೆ ಅಂಟಿಕೊಂಡು ನಿಂತು, ಅಲುಗದೆ ನಿಲ್ಲಲೆಂದು "ಖಡೇ ರಹೋ!" ಎಂದರು. ಮರುಗಳಿಗೆ ತಿಪ್ಪೆಯ ಮೇಲೆ ಕೂತಿದ್ದರು. ನಮ್ಮ ಚಿಕ್ಕಪ್ಪ ನಗು ತಡೆಯಲಾರದೆ, "ಅಳಿಯಂದ್ರೇ, ನಮ್ಮ ಅಸಕ್ಕೆ ಇಂದಿ ಬರಾಕಿಲ್ಲ. ಕನ್ನಡದಾಗೆ ಏಳಿ!" ಎಂದರು. ಆಮೇಲೆ ಬಹಳ ದಿನ ನಮ್ಮೂರ ಹುಡುಗಿಯರು ನನ್ನನ್ನು ಕಂಡರೆ "ಖಡೇ ರಹೋ" ಎನ್ನುತ್ತಿದ್ದರು.

ಈಗ ಗೋಣಿಚೀಲದ ವಿಷಯಕ್ಕೆ ಬರುತ್ತೇನೆ.

ಕಾಲೇಜಿನ ಮೂರನೇ ವರ್ಷದಲ್ಲಿ ಹೆರಿಗೆಯ ಪಾಠ ಶುರುವಾಯಿತು. ಹಸು ಈಯಲಾರದಿದ್ದಾಗ ಡಾಕ್ಟರು ಒಳಗೆ ಕೈ ಹಾಕಿ, ಕರು ಹೇಗೆ ಕೂತಿದೆ ಎಂದು ಮುಟ್ಟಿಯೇ ತಿಳಿಯಬೇಕು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ನಿಮ್ಮ ತಾತನ ಬಲಗೈಗೆ ಸ್ಪರ್ಶವಿಲ್ಲ, ಎಡಗೈಗೆ ಈ ಕೆಲಸದ ಅಭ್ಯಾಸವಿಲ್ಲ. ಹೆರಿಗೆಯ ಮೇಷ್ಟ್ರು ಅದನ್ನು ಎರಡೇ ದಿನದಲ್ಲಿ ಕಂಡುಹಿಡಿದರು. ಅವರು ಕೆಟ್ಟವರಲ್ಲ. ಕರೆದು ಕೂರಿಸಿಕೊಂಡು ಹೇಳಿದರಂತೆ: "ನೋಡ್ರೀ, ಪಟ್ಟಿ ಕಟ್ಟೋದು ಎಡಗೈಲಿ ಆಗುತ್ತೆ. ಇದು ಹಾಗಲ್ಲ. ಕೊನೇ ವರ್ಷದ ಪರೀಕ್ಷೆಲಿ ನಿಮ್ಮ ಎಡಗೈ ಒಂದು ತಪ್ಪು ಹೇಳಿದ್ರೂ ನಾನು ಪಾಸ್ ಮಾಡಲ್ಲ. ಒಂದು ತಪ್ಪು ಅಂದ್ರೆ ಒಂದು ಹಸು."

ಆ ದಿನ ಮನೆಗೆ ಬಂದು ಸೈಕಲ್ಲು ನಿಲ್ಲಿಸಿ ಜಗಲಿಯ ಮೇಲೆ ಕೂತವರು ಏಳಲೇ ಇಲ್ಲ. ಕೊನೆಗೆ ತಾವೇ ಹೇಳಿದರು. ನಾನು ಒಳಗೆ ಹೋಗಿ ರಾಗಿಯ ಗೋಣಿಚೀಲ ಖಾಲಿ ಮಾಡಿ ಕೊಡವಿ ತಂದೆ. ಹೆಣ್ಣುಮಕ್ಕಳು ಕತ್ತಲ ಕೋಣೆಯ ಮಡಕೆಗಳಲ್ಲಿ ಕೈ ಹಾಕಿ ಇದು ಹುರುಳಿ, ಇದು ಅವರೆ ಎಂದು ತಿಳಿಯುವುದಿಲ್ಲವೇ? ಹಾಗೆ ಕಲಿಯಬಹುದು ಎಂದು ನನಗೆ ತೋಚಿತ್ತು.

ಭಾನುವಾರ ಮಟನ್ ತರುವಾಗ ಅವರೇ ಕುರಿಯ ಕಾಲುಗಳನ್ನೂ ತಂದರು. ಚೀಲವನ್ನು ತೊಲೆಗೆ ನೇತುಹಾಕಿ, ಒಳಗೆ ಕಾಲುಗಳನ್ನಿಟ್ಟು, ಹಸುವಿನೊಳಗೆ ಇರುವಂಥ ಲೋಳೆಗಾಗಿ ಬೆಚ್ಚನೆಯ ಗಂಜಿ ಸುರಿದೆ. ಅವರ ಕಣ್ಣಿಗೆ ನನ್ನ ಹಳೇ ಸೀರೆಯ ಚೂರು ಕಟ್ಟಿದೆ. ಅವರು ಎಡಗೈ ಹಾಕಿ, "ಮುಂಗಾಲು", "ಹಿಂಗಾಲು" ಎನ್ನುವುದು, ನಾನು ಸರಿ ತಪ್ಪು ಹೇಳುವುದು. ಸರಿ ತಪ್ಪು ಹೇಳಬೇಕಾದರೆ ನನಗೂ ಗೊತ್ತಿರಬೇಕಲ್ಲ? ಅದಕ್ಕೆ ಮೊದಲು ನಾನು ಕೈ ಹಾಕಿ ನೋಡುತ್ತಿದ್ದೆ. ಮೂರು ತಿಂಗಳಲ್ಲಿ ಇಬ್ಬರಿಗೂ ತಪ್ಪು ಬರುವುದು ನಿಂತಿತು. ಮುಂಗಾಲು ಗಿಡ್ಡ, ದಪ್ಪ. ಹಿಂಗಾಲು ಉದ್ದ, ಸಪೂರ. ಮುಟ್ಟಿದರೆ ತಿಳಿಯುತ್ತಿತ್ತು. ನಮಗೆ ಬಹಳ ಹೆಮ್ಮೆ.

ಆ ಹೆಮ್ಮೆಯಲ್ಲೇ ತಪ್ಪು ಮಾಡಿದೆವು.

ರಾಜಾನುಕುಂಟೆ ರಸ್ತೆಯಲ್ಲಿ ಎರಡು ಮೈಲಿ ಹೋದರೆ ಪಿಳ್ಳಮ್ಮ ಎಂಬಾಕೆಯ ತೋಟದ ಮನೆ. ಗಂಡ ತೀರಿಕೊಂಡಿದ್ದ, ಒಬ್ಬ ಮಗ, ಕೆಂದಿ ಎಂಬ ಒಂದೇ ಹಸು. ಒಂದು ಬೆಳಗ್ಗೆ ಕೆಂದಿ ಈಯಲು ತಿಣುಕುತ್ತಿದೆ ಎಂದು ಆಕೆ ನಮ್ಮ ಮನೆಗೆ ಓಡಿಬಂದಳು. ಯಲಹಂಕದ ದನದ ಆಸ್ಪತ್ರೆಯಲ್ಲಿ ಬಹಳ ವರ್ಷದಿಂದಿದ್ದ ಹಳೇ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ನಿಮ್ಮ ತಾತ, "ನಾನಿನ್ನೂ ಡಾಕ್ಟರಲ್ಲ ಕಣಮ್ಮ" ಎಂದರು. "ಮಿಲಿಟರಿ ಡಾಕ್ಟ್ರು ಅಂತ ಊರೆಲ್ಲ ಏಳ್ತದೆ, ಬನ್ನಿ ಸ್ವಾಮಿ" ಎಂದು ಕೈ ಮುಗಿದಳು. ಊರು ಹಾಗೆ ಕರೆಯುವಾಗ ನಾವು ಬೇಡ ಎಂದಿರಲಿಲ್ಲ. ಅದೂ ನಮ್ಮ ತಪ್ಪೇ. ನನ್ನನ್ನೂ ಕರೆದುಕೊಂಡು ಹೋದರು.

ಎರಡು ಗೊರಸು ಹೊರಗೆ ಕಾಣುತ್ತಿದ್ದವು. ಅವರು ಎಡಗೈ ಹಾಕಿ, ಸಪೂರವಾಗಿದೆ, ಉದ್ದವಾಗಿದೆ, ತಲೆ ಕೈಗೆ ಸಿಗುತ್ತಿಲ್ಲ ಎಂದರು. "ಹಿಂಗಾಲು. ಕರು ಹಿಂದುಮುಂದಾಗಿ ಬರ್ತಿದೆ. ತಡ ಮಾಡಿದ್ರೆ ಉಸಿರು ಕಟ್ಟುತ್ತೆ. ಎಳೀರಿ!" ಮಗ ಎಳೆದ, ಅವರೂ ಎಳೆದರು. ಕರು ಅಲುಗಲಿಲ್ಲ. ಮತ್ತೆ ಎಳೆದರು. ಮಧ್ಯಾಹ್ನ ಹಳೇ ಡಾಕ್ಟರು ಸುದ್ದಿ ತಿಳಿದು ಬಂದು ಕೈ ಹಾಕಿದವರು ತಲೆಯೆತ್ತಿ ನಿಮ್ಮ ತಾತನನ್ನು ನೋಡಿದರು.

"ಮುಂಗಾಲು ಕಣಯ್ಯ ಇವು. ತಲೆ ಪಕ್ಕಕ್ಕೆ ತಿರುಗಿಕೊಂಡಿದೆ. ನೀನು ಎಳೆದೆಳೆದು ಸಿಕ್ಕಿಹಾಕ್ಸಿದೀಯ. ಎರಡನೇ ಕೀಲು ನೋಡಲಿಲ್ವಾ?"

ಕರು ಸತ್ತೇ ಹೊರಬಂತು. ಹೆಣ್ಣುಗರು. ಕೆಂದಿ ಬದುಕಿತು.

ಸುಮಾ, ಇದನ್ನು ನಿನಗೆ ಕಾಲೇಜಿನಲ್ಲಿ ಹೇಳುತ್ತಾರೆ, ಆದರೂ ನಾನೂ ಹೇಳುತ್ತೇನೆ. ಗೊರಸಿನ ಮೇಲೆ ಮೊದಲನೇ ಕೀಲು. ಅದನ್ನು ಬಗ್ಗಿಸಿ ನೋಡು. ಅದಕ್ಕೂ ಮೇಲೆ ಕೈ ಚಾಚಿದರೆ ಎರಡನೇ ಕೀಲು. ಎರಡೂ ಒಂದೇ ಕಡೆಗೆ ಬಗ್ಗಿದರೆ ಮುಂಗಾಲು. ಒಂದು ಒಂದು ಕಡೆಗೆ, ಇನ್ನೊಂದು ಅದರ ಎದುರು ಕಡೆಗೆ ಬಗ್ಗಿದರೆ ಹಿಂಗಾಲು. ಇದು ನಿಮ್ಮ ತಾತನ ಪುಸ್ತಕದಲ್ಲೂ ಇತ್ತು. ಅವರ ಕೈಗೆ ಮಾತ್ರ ಗೊತ್ತಿರಲಿಲ್ಲ. ಏಕೆಂದರೆ ಮಟನ್ ಅಂಗಡಿಯಲ್ಲಿ ಕಾಲು ಕತ್ತರಿಸುವುದೇ ಎರಡನೇ ಕೀಲಿನ ಹತ್ತಿರ. ನಮ್ಮ ಚೀಲದಲ್ಲಿದ್ದ ಯಾವ ಕಾಲಿಗೂ ಎರಡನೇ ಕೀಲು ಇರಲಿಲ್ಲ. ಮೂರು ತಿಂಗಳು ನಾವು ಕಲಿತದ್ದು ಕಟುಕ ಕತ್ತರಿಸಿ ಕೊಟ್ಟಷ್ಟನ್ನು ಮಾತ್ರ.

ನಾವು ಹೊರಡುವಾಗ ಪಿಳ್ಳಮ್ಮ ಅಳಲಿಲ್ಲ. ಕೆಂದಿಯ ಬೆನ್ನು ಸವರುತ್ತಾ ನಿಮ್ಮ ತಾತನ ಮುಖ ನೋಡದೆ ಹೇಳಿದಳು: "ಮಿಲಿಟರಿ ಕೈ ಅಲ್ವಾ. ಕೊಲ್ಲಾಕೆ ಕಲ್ತಿರ್ತದೆ."

ಅದಾದ ಮೇಲೆ ಅವರು ಚೀಲ ಮುಟ್ಟಲಿಲ್ಲ. ಒಂದು ಶನಿವಾರ, "ಕಾಲೇಜು ಬಿಡ್ತೀನಿ ಗೌರಿ. ಕಾರ್ಖಾನೆಗಳಲ್ಲಿ ಸೇನೆಯಿಂದ ಬಂದವರಿಗೆ ವಾಚ್‌ಮನ್ ಕೆಲಸ ಕೊಡ್ತಾರೆ. ಗೇಟು ಕಾಯೋಕೆ ಬೆರಳಿಗೆ ಸ್ಪರ್ಶ ಬೇಕಿಲ್ಲ" ಎಂದರು. ಗೊರಗುಂಟೆಪಾಳ್ಯದ ಕಡೆ ಒಬ್ಬರನ್ನು ನೋಡಿ ಬರಲು ಮರುದಿನ ಬೆಳಗ್ಗೆ ಹೊರಟೂ ಹೋದರು.

ಅವರು ಹೋದ ಮೇಲೆ ನಾನು ಸೆರಗು ತಲೆಗೆ ಹೊದ್ದು ಮಟನ್ ಅಂಗಡಿಗೆ ಹೋದೆ. ಅಲ್ಲಿಯವರೆಗೆ ನಾನು ಗಂಡಸರ ಅಂಗಡಿಯ ಮುಂದೆ ನಿಂತವಳಲ್ಲ. ಭಾನುವಾರದ ಜನ. ಅಂಗಡಿಯ ಸಾಬರು ಗಡ್ಡದವರು, ದೊಡ್ಡ ದನಿ. ನಾನು ಬಹಳ ಹೊತ್ತು ಒಂದು ಮೂಲೆಯಲ್ಲಿ ನಿಂತೆ. ಕೊನೆಗೆ ಅವರೇ ಕೇಳಿದರು.

"ಏನಮ್ಮಾ, ಎಷ್ಟೊತ್ತು ನಿಲ್ತೀರಿ? ಏನ್ ಬೇಕು?"

"ಕಾಲು."

"ಸೂಪಿಗಾ? ನಾಲ್ಕು ಕಟ್ಲಾ?"

"ಕತ್ತರಿಸಬೇಡಿ. ಗೊರಸಿಂದ ಭುಜದವರೆಗೆ ಒಂದು. ಗೊರಸಿಂದ ತೊಡೆವರೆಗೆ ಒಂದು. ಮಾಂಸ ನೀವೇ ತೆಕ್ಕೊಳ್ಳಿ. ಕೀಲು ಬಿಡಿಸದೆ ಮೂಳೆ ಕೊಡಿ."

ಅವರ ಕತ್ತಿ ನಿಂತಿತು. "ಮಾಂಸ ಬ್ಯಾಡ, ಮೂಳೆ ಬೇಕು! ಅದ್ಯಾವ ಅಡಿಗೆ ಅಮ್ಮಾ?"

"ಅಡಿಗೆಗಲ್ಲ. ಓದೋದಕ್ಕೆ."

ಅಂಗಡಿಯ ಮುಂದಿದ್ದವರೆಲ್ಲ ಹೋ ಎಂದು ನಕ್ಕರು. "ಕುರಿ ಕಾಲ್ ಓದ್ತಾರಂತೆ ಕಣ್ರೋ! ಯಾವ ಕ್ಲಾಸು?" ಎಂದ ಒಬ್ಬ. ನನ್ನ ಕಿವಿಯವರೆಗೆ ಬೆಂಕಿ ಬಿದ್ದಂತಾಯಿತು. ಓಡಿಹೋಗಬೇಕು ಎನ್ನಿಸಿತು. ಓಡಲಿಲ್ಲ. ಸಾಬರಿಗೆ ಮಾತ್ರ ಕೇಳುವಂತೆ, ನನ್ನ ಗಂಡ ದನದ ಡಾಕ್ಟರ ಓದು ಓದುತ್ತಿರುವುದನ್ನು, ಕೈಯ ವಿಷಯವನ್ನು, ಸತ್ತ ಕರುವಿನ ವಿಷಯವನ್ನು ಹೇಳಿದೆ. ನನ್ನ ಜನ್ಮದಲ್ಲಿ ಪರ ಗಂಡಸಿನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು.

ಸಾಬರು ನಗುತ್ತಿದ್ದವರ ಕಡೆ ತಿರುಗಿ, "ಚುಪ್! ಮಟನ್ ಬೇಕಾದೋರು ಬಾಯಿ ಮುಚ್ಕೊಂಡ್ ನಿಲ್ಲಿ" ಎಂದರು. ಆಮೇಲೆ ನನ್ನ ಎದುರಿಗೇ ಒಂದು ಮುಂಗಾಲು, ಒಂದು ಹಿಂಗಾಲು ಬಿಡಿಸಿದರು. ಚಾಕುವಿನ ತುದಿಯಿಂದ ಕೀಲುಗಳನ್ನು ತೋರಿಸಿ, "ನೋಡಮ್ಮಾ, ಇದು ಇಂಗೆ ಮಡಚುತ್ತೆ, ಇದು ಅಂಗೆ. ನಮ್ಮಪ್ಪ ನಂಗೆ ಕಣ್ಣು ಮುಚ್ಚಿ ಕೊಯ್ಯೋದು ಕಲ್ಸಿದ್ದು ಇಂಗೇ" ಎಂದರು. ತಲೆಯೊಂದನ್ನೂ ಸುತ್ತಿ ಕೊಟ್ಟರು. ಆಮೇಲೆ ಪ್ರತಿ ಭಾನುವಾರ ನಮಗಾಗಿ ಒಂದು ಜೊತೆ ತೆಗೆದಿಡುತ್ತಿದ್ದರು. "ಇಸ್ಕೂಲ್ ಕಾಲು" ಎಂದು ಅದಕ್ಕೆ ಹೆಸರು.

ನಿಮ್ಮ ತಾತ ಮಧ್ಯಾಹ್ನ ಬಂದಾಗ ಚೀಲ ತೊಲೆಗೆ ನೇತಾಡುತ್ತಿತ್ತು.

"ಯಾರು ತಂದಿದ್ದು?"

"ನಾನು."

"ನೀನಾ? ಅಂಗಡಿಗಾ?" ಎಂದು ನನ್ನನ್ನೇ ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿದರು. ವಾಚ್‌ಮನ್ ಕೆಲಸದ ಮಾತು ಮತ್ತೆ ಬರಲಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು ಆ ಅಭ್ಯಾಸ. ತಲೆ ಎಡಕ್ಕೆ ತಿರುಗಿಸಿ ಕಟ್ಟುತ್ತಿದ್ದೆ, ಬಲಕ್ಕೆ ಕಟ್ಟುತ್ತಿದ್ದೆ, ಒಮ್ಮೊಮ್ಮೆ ತಲೆಯನ್ನೇ ಇಡುತ್ತಿರಲಿಲ್ಲ. ನಾನು ಮೋಸ ಮಾಡಿದಷ್ಟೂ ಅವರ ಎಡಗೈ ಚುರುಕಾಯಿತು. ಮೋಸ ಮಾಡಲು ಮೊದಲು ನನ್ನ ಕೈ ಎಲ್ಲ ಕಡೆ ಹೋಗಿ ಬರಬೇಕಿತ್ತು.

ಕೊನೆಯ ವರ್ಷದ ಹೆರಿಗೆ ಪರೀಕ್ಷೆಯ ದಿನ ಬಂತು. ಬಟ್ಟೆ ಮುಚ್ಚಿದ ಮರದ ಚೌಕಟ್ಟಿನೊಳಗೆ ಸತ್ತ ಕರುವನ್ನು ಹೇಗೆಂದರೆ ಹಾಗೆ ಇಟ್ಟಿರುತ್ತಾರೆ, ಮುಟ್ಟಿ ಹೇಳಬೇಕು. ಬೆಳಗ್ಗೆ ಅವರು ಕೊಟ್ಟಿಗೆಗೆ ನೀರಿಟ್ಟು, ಕಾಫಿ ಕುಡಿದು, ಸೈಕಲ್ ಹತ್ತಿದರು. ಅವರು ಹೋಗಿ ಒಂದು ಗಂಟೆಯಾಗಿರಲಿಲ್ಲ, ಬಾಗಿಲಲ್ಲಿ ಪಿಳ್ಳಮ್ಮ ನಿಂತಿದ್ದಳು. ಏದುಸಿರು.

"ಎಲ್ಲವ್ವಾ ನಿನ್ ಗಂಡ?"

"ಪರೀಕ್ಷೆಗೆ ಹೋದ್ರು."

"ಆಸ್ಪತ್ರೆ ಡಾಕ್ಟ್ರು ಹಳ್ಳಿ ಮೇಲೆ ಓಗವ್ರಂತೆ. ಕೆಂದಿ ಮತ್ತೆ ಅಂಗೇ ಬಿದ್ದವ್ಳೆ. ಎರಡು ಕಾಲು ಬಂದು ನಿಂತದೆ." ಹೇಳುತ್ತಾ ಹೊಸ್ತಿಲ ಮೇಲೆ ಕುಸಿದು ಕೂತಳು. "ಈ ಸಲ ಅವಳೂ ಓಯ್ತಾಳೆ."

ನಿಮ್ಮ ತಾತನ ಹೆಸರಿಗೆ ಆ ಮನೆಯಲ್ಲಿ ಒಂದು ಸಾವು ಅಂಟಿತ್ತು. ನಾನು ಹೋಗಿ ಇನ್ನೊಂದಾದರೆ, ಅವರು ಪರೀಕ್ಷೆ ಪಾಸಾದರೂ ಈ ಸೀಮೆಯಲ್ಲಿ ಯಾರೂ ಅವರನ್ನು ಕರೆಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸೋಪು, ಹರಳೆಣ್ಣೆ, ಹಗ್ಗ ತೆಗೆದುಕೊಂಡು ಹೊರಟೆ. ನನ್ನ ಕೈಗೆ ಈ ಕೆಲಸ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅಷ್ಟು ಖಂಡಿತವಾಗಿ ನನಗೆ ಅದುವರೆಗೆ ಏನೂ ಗೊತ್ತಿರಲಿಲ್ಲ.

ಕೆಂದಿ ಮಲಗಿಬಿಟ್ಟಿತ್ತು. ಬಳೆ ತೆಗೆದು, ಭುಜದವರೆಗೆ ಸೋಪು ಹಾಕಿ ತೊಳೆದು, ಎಣ್ಣೆ ಸವರಿ, ಕೈ ಹಾಕಿದೆ. ಗೊರಸು. ಮೊದಲನೇ ಕೀಲು, ಬಗ್ಗಿಸಿದೆ. ಇನ್ನೂ ಮೇಲೆ. ಎರಡನೇ ಕೀಲು. ಅದೂ ಅದೇ ಕಡೆಗೆ ಬಗ್ಗಿತು. ಮುಂಗಾಲು. ಹಾಗಾದರೆ ತಲೆ ಎಲ್ಲಿ? ಕತ್ತಿನುದ್ದಕ್ಕೂ ಬೆರಳು ಜಾರಿಸಿದೆ. ಎಡಕ್ಕೆ ತಿರುಗಿ, ಪಕ್ಕೆಲುಬಿಗೆ ಮೂತಿ ಒತ್ತಿಕೊಂಡಿತ್ತು. ಬಾಯೊಳಗೆ ಬೆರಳಿಟ್ಟೆ. ನಾಲಿಗೆ ನನ್ನ ಬೆರಳನ್ನು ಚೀಪಿತು.

"ಜೀವ ಅದೆ" ಎಂದೆ.

ಪಿಳ್ಳಮ್ಮನ ಮಗ ಕೂಡಲೇ, ಕರುವಿನ ಕಾಲಿಗೆ ಆಗಲೇ ಕಟ್ಟಿದ್ದ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎಳೆಯಲು ನಿಂತ. ನಾನು ಕಿರುಚಿದೆ: "ಹಗ್ಗ ಬಿಚ್ಚೋ ಕೈಯಿಂದ! ಎಳೀಬೇಡ! ನಾನು ಹೇಳೋವರೆಗೆ ಯಾರೂ ಎಳೀಬಾರ್ದು!" ಆ ದನಿ ನನ್ನದು ಎಂದು ನನಗೇ ನಂಬಲಾಗಲಿಲ್ಲ. ಅವನು ಬೆಪ್ಪಾಗಿ ಹಗ್ಗ ಬಿಟ್ಟ.

ಕರುವನ್ನು ಒಳಕ್ಕೆ ತಳ್ಳಬೇಕು. ತಳ್ಳಿ ಜಾಗ ಮಾಡಿಕೊಂಡ ಮೇಲೆಯೇ ತಲೆ ತಿರುಗುವುದು. ಹಸು ತಿಣುಕಿದಾಗ ಸುಮ್ಮನಿರಬೇಕು, ಉಸಿರು ಬಿಟ್ಟಾಗ ತಳ್ಳಬೇಕು. ನನ್ನ ಕೈ ಸಣ್ಣದು, ಅದೇ ಅನುಕೂಲವಾಯಿತು. ಮೂರು ಸಲ ಮೂತಿ ಜಾರಿತು. ನಾಲ್ಕನೇ ಸಲ ಕೆಳದವಡೆ ಹಿಡಿದು ತಿರುಗಿಸಿದೆ, ತಲೆ ಎರಡು ಕಾಲುಗಳ ನಡುವೆ ಬಂದು ಕೂತಿತು. "ಈಗ ಎಳಿ, ಮೆಲ್ಲಗೆ. ಅವಳು ತಿಣುಕಿದಾಗ ಮಾತ್ರ" ಎಂದೆ.

ಹೋರಿಗರು. ಹೊರಗೆ ಬಿದ್ದು ಸೀನಿತು. ಕೆಂದಿ ತಲೆ ತಿರುಗಿಸಿ ನೆಕ್ಕಲು ಶುರುಮಾಡಿತು.

ಪಿಳ್ಳಮ್ಮ ಒಳಗಿಂದ ಕಾಫಿ ತಂದಳು. ನನ್ನ ಬಾಯಿಂದ ಯೋಚನೆಯಿಲ್ಲದೆ ಮಾತು ಬಂತು: "ಮೊದ್ಲು ಅವಳಿಗೆ ನೀರು ಕುಡಿಸಕ್ಕ. ಬೆಚ್ಚಗಿರಲಿ." ಆಕೆ ಬಕೆಟ್ ತಂದು ಕೆಂದಿಯ ಮುಂದಿಟ್ಟು, ಅದು ಕುಡಿಯುವುದನ್ನೇ ನೋಡುತ್ತಾ ಕೇಳಿದಳು: "ಇದ್ನ ಯಾರವ್ವ ಕಲಿಸಿದ್ದು ನಿಂಗೆ?"

"ಮಿಲಿಟರಿಯೋರು" ಎಂದೆ.

ಆಕೆ ಲೋಟವನ್ನು ನನ್ನ ಕೈಗೆ ಕೊಡುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಸಾಯಂಕಾಲ ಅವರು ಬರುವ ಹೊತ್ತಿಗೆ ನಾನು ಸ್ನಾನ ಮಾಡಿದ್ದೆ. ಆದರೆ ಆ ವಾಸನೆ ಒಂದು ಸ್ನಾನಕ್ಕೆ ಹೋಗುವುದಿಲ್ಲ, ನಿನಗೂ ಗೊತ್ತಾಗುತ್ತದೆ. ಸೈಕಲ್ಲು ಗೋಡೆಗೆ ಒರಗಿಸಿ ಒಳಗೆ ಬಂದವರು ಅಲ್ಲೇ ನಿಂತರು. ನನ್ನ ಕೈ ನೋಡಿದರು, ಬಳೆ ಇರಲಿಲ್ಲ. ಯಾರ ಮನೆ, ಏನಾಯಿತು, ಒಂದನ್ನೂ ಕೇಳಲಿಲ್ಲ.

"ಮುಂಗಾಲಾ, ಹಿಂಗಾಲಾ?" ಎಂದರು.

"ಮುಂಗಾಲು. ತಲೆ ಎಡಕ್ಕೆ ತಿರುಗಿತ್ತು. ಬದುಕಿದೆ." ತಲೆ ಬಗ್ಗಿಸದೆ ಹೇಳಿದೆ. "ನಿಮ್ಮದು?"

"ಹಿಂಗಾಲು" ಎಂದರು. "ಮೇಷ್ಟ್ರು ಮೂರು ಸಲ ಕೇಳಿದ್ರು, ಖಂಡಿತಾನಾ, ಖಂಡಿತಾನಾ ಅಂತ. ಎರಡನೇ ಕೀಲು ನೋಡಿದೀನಿ ಸಾರ್ ಅಂದೆ. ಕೈ ತೊಳ್ಕೊಳ್ಳಿ ಡಾಕ್ಟ್ರೇ ಅಂದ್ರು."

ಇಬ್ಬರೂ ಚೀಲದ ಕೆಳಗೆ ಕೂತು ನಕ್ಕೆವು.

ಕೊಡಗಿನ ಕ್ಯಾಪ್ಟನ್ನರಿಗೆ ಅವರು ಮೊದಲ ಕಾಗದ ಬರೆದದ್ದು ಆ ರಾತ್ರಿಯೇ. ಪಿಳ್ಳಮ್ಮ ಹಳೇ ಡಾಕ್ಟರಿಗೆ ಹೋಗಿ ಹೇಳಿದ್ದರಿಂದ, ಆಸ್ಪತ್ರೆಯಲ್ಲಿ ಅಟೆಂಡರ್ ಜಾಗ ಖಾಲಿಯಾದಾಗ ಅವರು ನನ್ನನ್ನು ಕರೆಸಿದರು.

ಸುಮಾ, ಆ ಚೀಲ ಅಟ್ಟದ ಮೇಲಿದೆ. ಇಲಿ ಒಂದು ಮೂಲೆ ಕಡಿದಿದೆ, ನಾನು ಹೊಲಿದಿದ್ದೇನೆ. ಆ ಸಾಬರ ಮೊಮ್ಮಗ ಈಗಲೂ ಅಂಗಡಿ ನಡೆಸುತ್ತಾನೆ. ನಾನು ಅವನ ಹತ್ತಿರ ಹೋಗಿ ಹೇಳಿ ಬಂದಿದ್ದೇನೆ, ಈ ಭಾನುವಾರಕ್ಕೆ ಒಂದು ಜೊತೆ ಕಾಲು ಕತ್ತರಿಸದೆ ಕೊಡು ಎಂದು. ನೀನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಾ. ನಾನು ಗಂಜಿ ಕಾಯಿಸಿರುತ್ತೇನೆ.